ಊರಿನ ಹೆಸರು ಮತ್ತು ಸರಕಿನ ಗುಣ

ನಮ್ಮ ನಾಡಿನ ಕೆಲವು ಸಣ್ಣ ಪಟ್ಟಣಗಳನ್ನು ಜನ ಅರಿತಿರುವುದು ಅಲ್ಲಿಯ ಸರಕಿನ ಮೂಲಕವೇ. ಇಳಕಲ್ಲನ್ನು ಕಣ್ಣಿನಿಂದ ಕಾಣದವರೂ ಇಳಕಲ್ ಸೀರೆಯನ್ನು ಬಲ್ಲರು. ಬ್ಯಾಡಗಿ ಯಾವ ಜಿಲ್ಲೆಯಲ್ಲಿದೆ ಎಂದು ತಿಳಿಯದ ಗೃಹಿಣಿ ಕೂಡ ಅಂಗಡಿಯಲ್ಲಿ ಬ್ಯಾಡಗಿ ಮೆಣಸಿನಕಾಯಿಯನ್ನೇ ಕೇಳಿ ಕೊಳ್ಳುತ್ತಾಳೆ. ಧಾರವಾಡದ ಪೇಡ, ಮದ್ದೂರಿನ ವಡೆ, ಗೋಕಾಕದ ಕರದಂಟು, ಚನ್ನಪಟ್ಟಣದ ಗೊಂಬೆ, ಇವುಗಳ ವಿಷಯವೂ ಹಾಗೆಯೇ. ಈ ಹೆಸರುಗಳು ಒಂದು ದಿನದಲ್ಲಿ ಹುಟ್ಟಿದುವಲ್ಲ. ಒಂದೆರಡು ತಲೆಮಾರುಗಳ ಕೆಲಸದಿಂದ ಬಂದವು. ಆದರೆ ಅವು ಎಷ್ಟು ಕಾಲ ಉಳಿಯುತ್ತವೆ, ಯಾವುದರಿಂದ ಉಳಿಯುತ್ತವೆ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ.

ಸಣ್ಣ ಪಟ್ಟಣದ ಉದ್ಯಮವೊಂದು ಮುಚ್ಚಿಹೋದಾಗ ಬಂಡವಾಳವಿರಲಿಲ್ಲ, ಸರಕಾರ ನೆರವು ನೀಡಲಿಲ್ಲ, ದೊಡ್ಡ ಕಾರ್ಖಾನೆಗಳ ಸ್ಪರ್ಧೆ ಹೆಚ್ಚಿತು ಎಂದು ಕಾರಣ ಹೇಳುವುದು ವಾಡಿಕೆ. ಈ ಕಾರಣಗಳು ಸುಳ್ಳಲ್ಲ. ಆದರೆ ಇವುಗಳ ಜೊತೆಗೆ ಸರಕಿನ ಗುಣವೆಂಬ ಇನ್ನೊಂದು ವಿಷಯವಿದೆ. ಅದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯ ದೃಷ್ಟಿಯಿಂದ ಸ್ವಲ್ಪ ವಿಚಾರಮಾಡುವುದು ಈ ಲೇಖನದ ಉದ್ದೇಶ. ನಮ್ಮ ವಿಭಾಗದ ಕೆಲವು ವಿದ್ಯಾರ್ಥಿಗಳೊಡನೆ ನಾನು ಚನ್ನಪಟ್ಟಣಕ್ಕೆ ಹೋಗಿ ಗೊಂಬೆ ಕಡೆಯುವ ಮನೆಗಳನ್ನು ನೋಡಿಬಂದಿದ್ದೇನೆ. ಆದುದರಿಂದ ಮುಖ್ಯವಾಗಿ ಆ ಪಟ್ಟಣದ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ.

ಗುಣವೆಂದರೇನು?

ಮೊದಲು ಈ ಮಾತಿನ ಅರ್ಥವನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಗುಣವುಳ್ಳ ಸರಕೆಂದರೆ ದುಬಾರಿಯಾದ ಸರಕು ಎಂಬ ಭಾವನೆ ಅನೇಕರಲ್ಲಿದೆ. ಇದು ಸರಿಯಲ್ಲ. ಐದು ರೂಪಾಯಿನ ಮಣ್ಣಿನ ಹಣತೆಯಲ್ಲಿಯೂ ಗುಣವಿರಬಹುದು, ಐದು ಸಾವಿರದ ಸೀರೆಯಲ್ಲಿ ಅದು ಇಲ್ಲದೆಯೂ ಇರಬಹುದು. ನನ್ನ ತಿಳಿವಳಿಕೆಯಂತೆ ಗುಣಕ್ಕೆ ಮೂರು ಅಂಗಗಳಿವೆ. ಮೊದಲನೆಯದು, ಸರಕು ತಾನು ಯಾವ ಕೆಲಸಕ್ಕಾಗಿ ಹುಟ್ಟಿತೋ ಆ ಕೆಲಸವನ್ನು ಮಾಡಬೇಕು: ಹಣತೆ ಎಣ್ಣೆ ಸೋರಬಾರದು. ಎರಡನೆಯದು, ಅದು ಒಂದೇ ಹದದಲ್ಲಿರಬೇಕು. ಇಂದು ಕೊಂಡದ್ದು ನಿನ್ನೆಯದರಂತಿರಬೇಕು, ನಾಳೆಯದೂ ಹಾಗೆಯೇ ಇರುವುದೆಂದು ಗಿರಾಕಿಗೆ ಧೈರ್ಯವಿರಬೇಕು. ಮೂರನೆಯದು, ಅದು ತಾನು ಏನೆಂದು ಹೇಳಿಕೊಳ್ಳುತ್ತದೆಯೋ ಅದೇ ಆಗಿರಬೇಕು. ರೇಷ್ಮೆಯೆಂದು ಮಾರಿದುದು ರೇಷ್ಮೆಯಾಗಿರಬೇಕು, ತುಪ್ಪವೆಂದುದು ತುಪ್ಪವಾಗಿರಬೇಕು.

ಸಣ್ಣ ಉದ್ಯಮಗಳು ಸಾಮಾನ್ಯವಾಗಿ ಸೋಲುವುದು ಎರಡನೆಯದರಲ್ಲಿ. ನಮ್ಮ ಕುಶಲಕರ್ಮಿಗಳ ಅತ್ಯುತ್ತಮ ಕೆಲಸ ಯಾವ ದೇಶದ ಕೆಲಸಕ್ಕೂ ಕಡಿಮೆಯದಲ್ಲ. ಆದರೆ ನೂರು ವಸ್ತುಗಳನ್ನು ಕೇಳಿದ ವ್ಯಾಪಾರಿಗೆ ನೂರೂ ಒಂದೇ ಸಮನಾಗಿ ದೊರೆಯುವುದು ಕಷ್ಟ. ಮೂರನೆಯದರಲ್ಲಿ ಸೋಲುವುದು ಇನ್ನೂ ಹೆಚ್ಚಿನ ಅಪಾಯ. ಅದರಿಂದ ಒಬ್ಬನ ಅಂಗಡಿಗಷ್ಟೇ ಅಲ್ಲ, ಇಡೀ ಊರಿಗೆ ಏಟು ಬೀಳುತ್ತದೆ. ಹೇಗೆಂಬುದನ್ನು ಮುಂದೆ ನೋಡೋಣ.

ಗೊಂಬೆಯ ಹುಟ್ಟು

ಚನ್ನಪಟ್ಟಣ ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಸುಮಾರು 60 ಕಿಲೋಮೀಟರ್ ದೂರದಲ್ಲಿದೆ. ಇಲ್ಲಿಯ ಗೊಂಬೆಗೆ ಹಾಲೆ ಮರವೇ ಮೂಲ. ಬಿಳುಪಾದ, ನವುರಾದ, ಎಳೆ ಕಾಣದ ಮರವದು. ಕಡಿದುತಂದ ಮರವನ್ನು ಚೆನ್ನಾಗಿ ಒಣಗಿಸಿ, ತುಂಡುಮಾಡಿ, ತಿರುಗುವ ಲೇತಿಗೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ಆಕಾರ ಬಂದ ಮೇಲೆ, ಮರ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಶಾಖಕ್ಕೆ ಅರಗು ಕರಗಿ ಮರದ ಮೇಲೆ ತೆಳುವಾಗಿ ಹರಡಿಕೊಳ್ಳುತ್ತದೆ. ಬಳಿಕ ಕೇದಿಗೆಯ ಒಣ ಗರಿಯಿಂದ ಒತ್ತಿ ಉಜ್ಜಿದರೆ ಹೊಳಪು ಬರುತ್ತದೆ. ಹಳದಿಗೆ ಅರಿಸಿನ, ನೀಲಿಗೆ ನೀಲಿ ಗಿಡ, ಹೀಗೆ ಸಸ್ಯಮೂಲದ ಬಣ್ಣಗಳನ್ನು ಬಳಸುವ ಕ್ರಮವೂ ಉಂಟು. ಕುಂಚವಿಲ್ಲದೆ, ಎಣ್ಣೆಬಣ್ಣವಿಲ್ಲದೆ ಮೂಡುವ ಆ ಹೊಳಪನ್ನು ಕಣ್ಣಾರೆ ನೋಡಿದವರಿಗೆ ಈ ಕಸುಬಿನ ಮೇಲೆ ಗೌರವ ಹುಟ್ಟದಿರದು.

ಈ ಕಲೆಗೆ ಟಿಪ್ಪೂ ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಿಗರಿಂದ ಪ್ರೋತ್ಸಾಹ ದೊರೆಯಿತೆಂಬ ಪ್ರತೀತಿಯಿದೆ. 20ನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾ ಎಂಬವರು ಜಪಾನಿನ ಅರಗಿನ ಕೆಲಸದ ಕ್ರಮಗಳನ್ನು ಅರಿತು ಬಂದು ಇಲ್ಲಿಯವರಿಗೆ ಕಲಿಸಿದರೆಂದೂ ಹೇಳುತ್ತಾರೆ. ಹೊರಗಿನಿಂದ ಬಂದ ವಿದ್ಯೆಯನ್ನು ಊರು ತನ್ನದಾಗಿ ಮಾಡಿಕೊಂಡಿತು. ಒಂದು ಕಸುಬಿನವರು ಒಂದೇ ಕಡೆ ನೆಲೆಸಿದಾಗ ಪರಸ್ಪರ ನೋಡಿಯೇ ಕಲಿಯುತ್ತಾರೆ, ಕಚ್ಚಾಮಾಲಿನವರೂ ಕೊಳ್ಳುವವರೂ ಅಲ್ಲಿಗೇ ಬರುತ್ತಾರೆ ಎಂಬುದನ್ನು ಆಲ್ಫ್ರೆಡ್ ಮಾರ್ಷಲ್ ಎಂಬ ಅರ್ಥಶಾಸ್ತ್ರಜ್ಞರು 1890ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಚನ್ನಪಟ್ಟಣ ಅದಕ್ಕೆ ಒಳ್ಳೆಯ ನಿದರ್ಶನ.

ಈಗ ಪ್ರಕೃತ ವಿಷಯಕ್ಕೆ ಬರೋಣ. ಈ ಗೊಂಬೆಯಲ್ಲಿ ಗುಣ ಎಲ್ಲಿ ಕೆಡುತ್ತದೆ? ಮರ ಸರಿಯಾಗಿ ಒಣಗದಿದ್ದರೆ ಕೆಲವು ತಿಂಗಳ ಮೇಲೆ ಸೀಳು ಬಿಡುತ್ತದೆ. ಅರಗಿಗೆ ಬದಲು ಅಗ್ಗದ ಬಣ್ಣ ಬಳಿದರೆ ಮೊದಲು ಹೊಳೆದು ಆಮೇಲೆ ಚಕ್ಕೆಯಾಗಿ ಏಳುತ್ತದೆ. ಆ ಬಣ್ಣದಲ್ಲಿ ಸೀಸದಂತಹ ವಿಷವಸ್ತುವಿದ್ದರೆ ಗೊಂಬೆಯನ್ನು ಬಾಯಿಗಿಡುವ ಮಗುವಿಗೆ ಹಾನಿ. ಆದರೆ ಅಂಗಡಿಯ ಮೇಜಿನ ಮೇಲೆ ಎರಡು ಗೊಂಬೆಗಳನ್ನು ಪಕ್ಕದಲ್ಲಿಟ್ಟರೆ ಒಣಗಿದ ಮರವಾವುದು, ಹಸಿ ಮರವಾವುದು, ಅರಗಾವುದು, ಬಣ್ಣವಾವುದು ಎಂದು ನನ್ನಂತಹವನು ಹೇಳಲಾರ. ಕಡೆಯುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಈ ವ್ಯತ್ಯಾಸದಿಂದಲೇ ತೊಡಕೆಲ್ಲ ಹುಟ್ಟುತ್ತದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಮಾರುವವನಿಗೆ ತಿಳಿದುದು ಕೊಳ್ಳುವವನಿಗೆ ತಿಳಿಯದಿದ್ದರೆ ಮಾರುಕಟ್ಟೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರ ಒಂದು ಲೇಖನದಲ್ಲಿ ವಿಚಾರಮಾಡಿದರು. ಅವರು ತೆಗೆದುಕೊಂಡ ಉದಾಹರಣೆ ಬಳಸಿದ ಮೋಟಾರು ಕಾರುಗಳದು. 2001ರಲ್ಲಿ ಅವರಿಗೆ ಇನ್ನಿಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಆ ವಿಚಾರವನ್ನು ನಮ್ಮ ಗೊಂಬೆಗೆ ಹೊಂದಿಸಿ ನೋಡಬಹುದು. ಕೆಳಗಿನ ಅಂಕಿಗಳು ಲೆಕ್ಕಕ್ಕಾಗಿ ಕಲ್ಪಿಸಿಕೊಂಡವು.

ನಿಜವಾದ ಅರಗಿನ ಗೊಂಬೆಯನ್ನು ಮಾಡಲು 100 ರೂಪಾಯಿ ತಗಲುತ್ತದೆ ಎನ್ನೋಣ. ಅದು ನಿಜವೆಂದು ಖಾತರಿಯಿದ್ದರೆ ಗಿರಾಕಿ 120 ರೂಪಾಯಿ ಕೊಡಲು ಸಿದ್ಧ. ಕಳಪೆ ಗೊಂಬೆಗೆ 40 ರೂಪಾಯಿ ತಗಲುತ್ತದೆ; ಕಳಪೆಯೆಂದು ತಿಳಿದರೆ ಗಿರಾಕಿ ಅದಕ್ಕೆ 50 ರೂಪಾಯಿಗಿಂತ ಹೆಚ್ಚು ಕೊಡುವುದಿಲ್ಲ. ಎರಡನ್ನೂ ಕಣ್ಣಿನಿಂದ ಬೇರ್ಪಡಿಸಲಾಗದಿದ್ದರೆ ಅವನು ಅಂದಾಜಿನ ಸರಾಸರಿ ಬೆಲೆಯನ್ನಷ್ಟೇ ಕೊಟ್ಟಾನು. ಊರಿನ ಗೊಂಬೆಗಳಲ್ಲಿ ಅರ್ಧ ನಿಜ, ಅರ್ಧ ಕಳಪೆಯಾದರೆ ಆ ಸರಾಸರಿ 85 ರೂಪಾಯಿ. ನಿಜವಾದ ಕೆಲಸಗಾರನಿಗೆ ಪ್ರತಿ ಗೊಂಬೆಯಲ್ಲಿಯೂ 15 ರೂಪಾಯಿ ನಷ್ಟ. ಕಳಪೆಯವನಿಗೆ 45 ರೂಪಾಯಿ ಲಾಭ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ನಾಲ್ಕು ಜನರಲ್ಲಿ ಮೂವರು ಪ್ರಾಮಾಣಿಕರಾಗಿದ್ದರೆ ಸರಾಸರಿ 102 ರೂಪಾಯಿ 50 ಪೈಸೆ ಆಗುತ್ತದೆ. ಪ್ರಾಮಾಣಿಕನು ಹೇಗೋ ಉಸಿರಾಡುತ್ತಾನೆ. ಮೂವರಲ್ಲಿ ಇಬ್ಬರು ಮಾತ್ರ ಪ್ರಾಮಾಣಿಕರಾದರೆ ಸರಾಸರಿ ಸುಮಾರು 97 ರೂಪಾಯಿಗೆ ಇಳಿಯುತ್ತದೆ. ಅವನು ಅಂಗಡಿ ಮುಚ್ಚಬೇಕು, ಇಲ್ಲವೆ ತಾನೂ ಕಳಪೆಗೆ ಇಳಿಯಬೇಕು. ಸಹಪಾಠಿಗಳು ಇದನ್ನು ಗಮನಿಸಬೇಕೆಂದು ಕೋರುತ್ತೇನೆ: ಪ್ರಾಮಾಣಿಕರು ಬಹುಸಂಖ್ಯಾತರಾಗಿದ್ದರೂ ಕಸುಬು ಕೆಡಬಹುದು. ಊರಿನವರೆಲ್ಲ ಮೋಸಗಾರರಾಗಬೇಕಾದುದಿಲ್ಲ, ಮೂರರಲ್ಲಿ ಒಂದು ಪಾಲು ಸಾಕು. ಕಸುಬು ಹೀಗೆ ನಶಿಸಿದ ಮೇಲೆ ನೋಡುವವರು, ಜನಕ್ಕೆ ಒಳ್ಳೆಯ ವಸ್ತು ಬೇಡವಾಗಿದೆ, ಅಗ್ಗದ್ದೇ ಬೇಕಾಗಿದೆ ಎಂದು ತೀರ್ಮಾನಿಸುತ್ತಾರೆ. ವಾಸ್ತವವಾಗಿ ಜನ ಒಳ್ಳೆಯದಕ್ಕೆ 120 ಕೊಡಲು ಸಿದ್ಧರಿದ್ದರು. ಒಳ್ಳೆಯದು ಯಾವುದೆಂಬುದು ಅವರಿಗೆ ತಿಳಿಯಲಿಲ್ಲ.

ಊರಿನ ಹೆಸರು ಊರೊಟ್ಟಿನ ಆಸ್ತಿ

ಇದಕ್ಕೆ ಇನ್ನೊಂದು ಮುಖವಿದೆ. ಚನ್ನಪಟ್ಟಣದ ಗೊಂಬೆ ಎಂಬ ಹೆಸರು ಯಾವೊಬ್ಬನದೂ ಅಲ್ಲ. ಅದು ಊರ ಮುಂದಿನ ಕೆರೆಯಂತೆ ಎಲ್ಲರಿಗೂ ಸೇರಿದ್ದು. ಕೆರೆಯ ನೀರನ್ನು ಎಲ್ಲರೂ ಬಳಸುತ್ತಾರೆ. ಹೂಳೆತ್ತಲು ಮಾತ್ರ ಯಾರೂ ಮುಂದೆ ಬರುವುದಿಲ್ಲ. ಲೆಕ್ಕದಿಂದಲೇ ಇದನ್ನು ತೋರಿಸಬಹುದು. ಊರಿನಲ್ಲಿ ಸಮನಾಗಿ ಮಾರುವ 100 ಜನ ಕೆಲಸಗಾರರಿದ್ದಾರೆಂದೂ, ಅವರಲ್ಲೊಬ್ಬನು ಅರಗು ಬಿಟ್ಟು ಅಗ್ಗದ ಬಣ್ಣ ಬಳಿದು ಗೊಂಬೆಯೊಂದಕ್ಕೆ 60 ರೂಪಾಯಿ ಉಳಿಸಿದನೆಂದೂ ಭಾವಿಸೋಣ. ಅವನಿಂದಾಗಿ ಊರಿನ ಹೆಸರು ಕೊಂಚ ಕೆಟ್ಟು ಪ್ರತಿ ಗೊಂಬೆಯ ಬೆಲೆಯೂ ಒಂದೇ ಒಂದು ರೂಪಾಯಿ ಇಳಿಯಲಿ. ಅವನಿಗೆ 60 ಉಳಿತಾಯ, 1 ನಷ್ಟ. ಉಳಿದ 99 ಜನಕ್ಕೆ ಸೇರಿ 99 ರೂಪಾಯಿ ನಷ್ಟ, ಲಾಭ ಏನೂ ಇಲ್ಲ. ಒಟ್ಟಿನಲ್ಲಿ ಊರಿಗೆ 40 ರೂಪಾಯಿ ಕೈಬಿಟ್ಟಿತು. ಆದರೂ ಆ ಒಬ್ಬನಿಗೆ ತನ್ನ ದಾರಿ ಲಾಭದಾಯಕವಾಗಿಯೇ ಕಾಣುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಇಲ್ಲಿ ಸ್ವಲ್ಪ ತಿದ್ದಿ ಹೇಳಬೇಕು: ಗಡಿಗೆ ಒಡೆದವನಿಗೆ ಇಲ್ಲಿ ಕೂಲಿಯೂ ಸಿಕ್ಕುತ್ತದೆ.

ಊರಿನ ಹೆಸರನ್ನು ಹೊರಗಿನವರೂ ಕದಿಯಬಹುದು. ಇಳಕಲ್ ಸೀರೆಯನ್ನೇ ನೋಡಿ. ಅದರ ವಿಶೇಷವಿರುವುದು ಸೆರಗನ್ನು ಒಡಲಿಗೆ ಜೋಡಿಸುವ ಕ್ರಮದಲ್ಲಿ. ಸೆರಗಿನ ಹಾಸಿನ ಎಳೆಗಳನ್ನು ಒಡಲಿನ ಹಾಸಿನ ಎಳೆಗಳಿಗೆ ಕುಣಿಕೆಯಂತೆ ಕೂಡಿಸಿ ನೇಯುವ ಈ ಪದ್ಧತಿಗೆ ತೋಪು ತೆನಿ ಎಂದು ಹೆಸರು. ಇದು ಕೈಯಿಂದ, ತಾಳ್ಮೆಯಿಂದ ಆಗತಕ್ಕ ಕೆಲಸ. ವಿದ್ಯುತ್ ಮಗ್ಗದಲ್ಲಿ ಅದೇ ದಡಿ, ಅದೇ ಬಣ್ಣ, ಅದೇ ಸೆರಗಿನ ತೋರಿಕೆಯ ಬಟ್ಟೆಯನ್ನು ಬೇಗನೆ ತೆಗೆಯಬಹುದು. ಕೊಳ್ಳುವವಳಿಗೆ ಎರಡಕ್ಕೂ ಇರುವ ಅಂತರ ತಿಳಿಯದಿದ್ದರೆ ಕೈಮಗ್ಗದವನ ಶ್ರಮಕ್ಕೆ ವಿದ್ಯುತ್ ಮಗ್ಗದ ಬೆಲೆಯೇ ಗತಿ.

ದಿನದ ಗಿರಾಕಿ, ದಾರಿಯ ಗಿರಾಕಿ

ಹಾಗಾದರೆ ಜಗತ್ತಿನಲ್ಲಿ ಒಳ್ಳೆಯ ಸರಕು ಉಳಿದಿರುವುದಾದರೂ ಹೇಗೆ? ಗಿರಾಕಿ ಮತ್ತೆ ಮತ್ತೆ ಬರುವುದರಿಂದ ಎಂಬುದೇ ಮೊದಲ ಉತ್ತರ. ನನ್ನ ತಾಯಿಯವರು ಮನೆಯಲ್ಲಿ ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ ಮಾಡಿ ನಮ್ಮ ಬೀದಿಯವರಿಗೂ ಅಕ್ಕಪಕ್ಕದ ಎರಡು ಬೀದಿಯವರಿಗೂ ಮಾರುತ್ತಾರೆ. ಒಂದು ವರ್ಷ ಗೌರಿ ಹಬ್ಬದ ಹಿಂದಿನ ವಾರ ತಂದ ಹಿಟ್ಟು ಮುಗ್ಗಲು ಬಂದಿತ್ತು. ಖಾರ, ಎಳ್ಳು ಹೆಚ್ಚು ಹಾಕಿದರೆ ತಿಳಿಯುವುದಿಲ್ಲವೆಂದು ನೆರೆಯವರೊಬ್ಬರು ಸೂಚಿಸಿದರು. ತಾಯಿಯವರು ಹಿಟ್ಟನ್ನೆಲ್ಲ ದನಕ್ಕೆ ಹಾಕಿಸಿ, ಮುಂಗಡ ಕೊಟ್ಟವರಿಗೆ ಹಣ ಹಿಂದಿರುಗಿಸಿದರು. ನಾನು ಕಾರಣ ಕೇಳಿದಾಗ, “ದಿನಾ ಬೆಳಗಾದರೆ ಇವರ ಮುಖವನ್ನೇ ನೋಡಬೇಕಲ್ಲಪ್ಪ” ಎಂದರು. ಅವರು ಅರ್ಥಶಾಸ್ತ್ರ ಓದಿದವರಲ್ಲ. ಆದರೆ ಇಂದಿನ ಒಂದು ಮೋಸದ ಲಾಭವನ್ನೂ ನಾಳಿನ ನೂರು ಮಾರಾಟದ ನಷ್ಟವನ್ನೂ ಅವರು ತೂಗಿನೋಡಿದ್ದರು.

ದಾರಿಯಲ್ಲಿ ಹೋಗುವ ಗಿರಾಕಿಯ ವಿಷಯ ಬೇರೆ. ಅವನು ಬಸ್ಸಿನಿಂದಲೋ ಕಾರಿನಿಂದಲೋ ಇಳಿದು, ಕೊಂಡು, ಹೊರಟುಹೋಗುತ್ತಾನೆ. ವಸ್ತು ಕೆಟ್ಟಿದ್ದರೆ ಅವನು ಬೈದುಕೊಳ್ಳುವುದು ಮೈಸೂರಿನಲ್ಲಿಯೋ ಕೊಡಗಿನಲ್ಲಿಯೋ. ಆ ಮಾತು ಮಾರಿದವನ ಕಿವಿಗೆ ಬೀಳುವುದಿಲ್ಲ. ಅವನು ದೂರುವಾಗ ಅಂಗಡಿಯ ಹೆಸರು ನೆನಪಿರುವುದಿಲ್ಲ. ಊರಿನ ಹೆಸರು ಮಾತ್ರ ನೆನಪಿರುತ್ತದೆ. ದಾರಿಯ ಗಿರಾಕಿಯನ್ನೇ ನೆಚ್ಚಿದ ವ್ಯಾಪಾರದಲ್ಲಿ ಗುಣಕ್ಕೆ ಕಾವಲು ಕಡಿಮೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯ ಊರುಗಳು ಬಹುಕಾಲ ಇಂತಹ ಗಿರಾಕಿಯನ್ನು ಕಂಡವು. ಮದ್ದೂರಿನ ವಡೆ ರೈಲು ನಿಲ್ದಾಣದ ತಿಂಡಿಯಾಗಿ ಹೆಸರಾಯಿತು. ಚನ್ನಪಟ್ಟಣದ ಗೊಂಬೆ ಅಂಗಡಿಗಳು ರಸ್ತೆಯ ಬದಿಯಲ್ಲಿ ಸಾಲುಗಟ್ಟಿದವು. 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಯಾದ 118 ಕಿಲೋಮೀಟರ್ ಉದ್ದದ ಹೊಸ ಹೆದ್ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬಳಸಿಕೊಂಡು ಹೋಗುತ್ತದೆ. ಪ್ರಯಾಣದ ಕಾಲ ಉಳಿಯಿತು. ಆದರೆ ಊರೊಳಗೆ ನಿಲ್ಲುತ್ತಿದ್ದ ವಾಹನಗಳು ಕಡಿಮೆಯಾಗಿ ವ್ಯಾಪಾರ ಬಿದ್ದುಹೋಯಿತೆಂದು ಅಂಗಡಿಯವರು ಹೇಳಿದುದು ಪತ್ರಿಕೆಗಳಲ್ಲಿ ಬಂದಿತು. ನಾವು ಹೋದಾಗಲೂ ಆ ಮಾತನ್ನೇ ಕೇಳಿದೆವು. ರಸ್ತೆ ತಂದುಕೊಟ್ಟ ಗಿರಾಕಿಯನ್ನು ರಸ್ತೆಯೇ ಕೊಂಡೊಯ್ದರೆ ಅಂಗಡಿಯವನು ಮಾಡುವುದೇನು? ದಾರಿ ಬಿಟ್ಟು ಒಳಗೆ ಬಂದು ಕೊಳ್ಳುವಷ್ಟು, ಅಥವಾ ದೂರದಿಂದ ಬರೆದು ತರಿಸಿಕೊಳ್ಳುವಷ್ಟು ಬೆಲೆಯುಳ್ಳ ಸರಕು ಅವನಲ್ಲಿರಬೇಕು. ಗುಣವೆಂಬುದು ಇಲ್ಲಿ ನೀತಿಯ ಮಾತಾಗಿ ಉಳಿಯದೆ ಹೊಟ್ಟೆಯ ಮಾತಾಗುತ್ತದೆ.

ಧಾರವಾಡದ ಪೇಡ ಇದಕ್ಕೆ ಪ್ರತಿಯಾದ ಉದಾಹರಣೆ. 19ನೆಯ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವೊ ಕಡೆಯಿಂದ ಬಂದ ಠಾಕೂರ್ ಮನೆತನದವರು ಅದನ್ನು ಅಲ್ಲಿ ಆರಂಭಿಸಿದರು. ಹಾಲಿನ ಖೋವೆಯನ್ನು ಕಂದುಬಣ್ಣ ಬರುವವರೆಗೆ ಹುರಿದು ಸಕ್ಕರೆ ಸೇರಿಸಿ ಮಾಡುವ ಆ ಸಿಹಿಗಾಗಿ ಜನ ಅಂಗಡಿಯನ್ನು ಹುಡುಕಿಕೊಂಡು ಹೋಗಿ ಸಾಲು ನಿಲ್ಲುವುದುಂಟು. ಅಂಗಡಿ ಗಿರಾಕಿಯ ದಾರಿಗೆ ಬರಲಿಲ್ಲ. ಗಿರಾಕಿಯೇ ಅಂಗಡಿಯ ದಾರಿ ಹಿಡಿದನು.

ಮುದ್ರೆಗಳೂ ಕಾಯ್ದೆಗಳೂ

ಗಿರಾಕಿಯ ಕಣ್ಣಿಗೆ ಕಾಣದ ಗುಣವನ್ನು ಕಾಣುವಂತೆ ಮಾಡುವುದಕ್ಕೆ ಮೂರು ಉಪಾಯಗಳು ಬಳಕೆಯಲ್ಲಿವೆ.

ಮೊದಲನೆಯದು ತಯಾರಕನ ಸ್ವಂತ ಹೆಸರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಅವರ ಹೆಂಚಿನ ಮೇಲೆ ಕಾರ್ಖಾನೆಯ ಹೆಸರನ್ನೂ ಇಸವಿಯನ್ನೂ ಅಚ್ಚೊತ್ತುತ್ತಿದ್ದರು. ಮುಂದೆ ಅನೇಕ ಕಾರ್ಖಾನೆಗಳು ಹುಟ್ಟಿ, ಅವೂ ತಮ್ಮ ತಮ್ಮ ಗುರುತನ್ನು ಒತ್ತತೊಡಗಿದವು. ಇಂದಿಗೂ ಹಳೆಯ ಮನೆಯ ಮಾಡಿನಿಂದ ಒಂದು ಹೆಂಚನ್ನು ತೆಗೆದು ತಿರುವಿದರೆ ಅದನ್ನು ಮಾಡಿದವರು ಯಾರೆಂದು ತಿಳಿಯಬಹುದು. ಹೆಸರೊತ್ತಿದವನು ಹೊಣೆಯನ್ನೂ ಹೊತ್ತಂತಾಯಿತು.

ಎರಡನೆಯದು ಸರಕಾರದ ಅಥವಾ ಪರೀಕ್ಷಕ ಸಂಸ್ಥೆಯ ಮುದ್ರೆ. ಕೃಷಿ ಉತ್ಪನ್ನಗಳ ವರ್ಗೀಕರಣಕ್ಕಾಗಿ 1937ರಲ್ಲಿ ಬಂದ ಕಾಯ್ದೆಯಿಂದ ಅಗ್‌ಮಾರ್ಕ್ ಹುಟ್ಟಿತು. 1947ರಲ್ಲಿ ಭಾರತೀಯ ಮಾನಕ ಸಂಸ್ಥೆ ಸ್ಥಾಪನೆಯಾಗಿ, 1952ರ ಕಾಯ್ದೆಯಿಂದ ಐ.ಎಸ್.ಐ. ಮುದ್ರೆಗೆ ಆಧಾರ ದೊರೆಯಿತು. 1987ರಲ್ಲಿ ಭಾರತೀಯ ಮಾನಕ ಬ್ಯೂರೋ ಆ ಕೆಲಸವನ್ನು ವಹಿಸಿಕೊಂಡಿತು. ರೇಷ್ಮೆಗೆ 2004ರಲ್ಲಿ ಸಿಲ್ಕ್ ಮಾರ್ಕ್, ಕೈಮಗ್ಗದ ಬಟ್ಟೆಗೆ 2006ರಲ್ಲಿ ಹ್ಯಾಂಡ್‌ಲೂಮ್ ಮಾರ್ಕ್ ಬಂದವು. ಇಂತಹ ಮುದ್ರೆಯ ಪ್ರಯೋಜನ ದೊಡ್ಡದು. ಆದರೆ ಪರೀಕ್ಷೆಗೆ ತಗಲುವ ವೆಚ್ಚ ಸಣ್ಣವನಿಗೆ ಭಾರ.

ಮೂರನೆಯದು ಊರಿನ ಹೆಸರಿಗೇ ಕಾನೂನಿನ ರಕ್ಷಣೆ. ಭೌಗೋಳಿಕ ಸೂಚಕಗಳ ಕಾಯ್ದೆ 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂದಿತು. ಅದರ ನೋಂದಣಿ ಕಚೇರಿ ಚೆನ್ನೈಯಲ್ಲಿದೆ. ದೇಶದಲ್ಲಿ ಮೊದಲು ನೋಂದಣಿಯಾದುದು ಡಾರ್ಜಿಲಿಂಗ್ ಚಹ. ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆ, ಧಾರವಾಡ ಪೇಡ, ಬ್ಯಾಡಗಿ ಮೆಣಸಿನಕಾಯಿ, ಬಿದರಿ ಕೆಲಸ, ಮೈಸೂರು ರೇಷ್ಮೆ ಇವೆಲ್ಲ ಈ ಪಟ್ಟಿಯಲ್ಲಿ ಸೇರಿವೆ. ಒಂದು ನೋಂದಣಿಯ ಅವಧಿ ಹತ್ತು ವರ್ಷ, ಬಳಿಕ ನವೀಕರಿಸಿಕೊಳ್ಳಬೇಕು. ವ್ಯಾಪಾರಿಯು ತನ್ನ ಸ್ವಂತ ಗುರುತನ್ನು ಇನ್ನೊಬ್ಬನಿಗೆ ಮಾರಬಹುದು. ಊರಿನ ಸೂಚಕವನ್ನು ಹಾಗೆ ಮಾರುವಂತಿಲ್ಲ. ಅದು ಊರೊಟ್ಟಿನ ಆಸ್ತಿಯೆಂಬ ಮಾತನ್ನು ಕಾಯ್ದೆಯೂ ಒಪ್ಪಿದಂತಾಯಿತು.

ಆದರೆ ಈ ರಕ್ಷಣೆಯ ಎಲ್ಲೆಯನ್ನೂ ತಿಳಿದಿರಬೇಕು. ಹೊರಗಿನವನು ಊರಿನ ಹೆಸರನ್ನು ಕದ್ದರೆ ಕಾಯ್ದೆ ತಡೆಯಬಲ್ಲದು. ಊರಿನವನೇ ಹಸಿ ಮರದಿಂದ ಗೊಂಬೆ ಮಾಡಿದರೆ ನೋಂದಣಿ ಪತ್ರ ತಾನಾಗಿ ಎದ್ದುಬಂದು ಕೈಹಿಡಿಯುವುದಿಲ್ಲ. ಇದಕ್ಕೆ ಒಂದು ಸಂಗತಿಯನ್ನು ಹೇಳಬಹುದು. ಹೊರದೇಶಗಳಿಂದ, ವಿಶೇಷವಾಗಿ ಚೀನಾದಿಂದ, ಅಗ್ಗದ ಆಟಿಕೆಗಳು ಬಹಳವಾಗಿ ಬರುತ್ತಿದ್ದುದರಿಂದ 2020ರಲ್ಲಿ ಕೇಂದ್ರ ಸರಕಾರ ಆಮದು ಸುಂಕವನ್ನು ನೂರಕ್ಕೆ 20ರಿಂದ 60ಕ್ಕೆ ಏರಿಸಿತು. ಆಟಿಕೆಗಳಿಗೆ ಮಾನಕ ಬ್ಯೂರೋದ ಮುದ್ರೆಯನ್ನು ಕಡ್ಡಾಯಗೊಳಿಸುವ ಆಜ್ಞೆ 2021ರ ಜನವರಿ 1ರಿಂದ ಜಾರಿಗೆ ಬಂದಿತು. ನೋಂದಾಯಿತ ಕರಕುಶಲಿಗಳು ಮಾಡುವ ಆಟಿಕೆಗಳಿಗೂ ಭೌಗೋಳಿಕ ಸೂಚಕವಿರುವ ಆಟಿಕೆಗಳಿಗೂ ಅದರಿಂದ ವಿನಾಯಿತಿ ದೊರೆಯಿತು. ಮನೆಯಲ್ಲಿ ಒಂದೆರಡು ಲೇತಿಟ್ಟುಕೊಂಡು ದುಡಿಯುವವನಿಗೆ ಪರೀಕ್ಷಾಲಯದ ಖರ್ಚು ತಪ್ಪಿದ್ದು ನ್ಯಾಯವೇ. ಆದರೆ ವಿನಾಯಿತಿಯ ಇನ್ನೊಂದು ಅರ್ಥವನ್ನು ನಾವು ಮರೆಯಬಾರದು. ಕಾರ್ಖಾನೆಯ ಆಟಿಕೆಗೆ ಬ್ಯೂರೋ ಸಾಕ್ಷಿ ಹೇಳುತ್ತದೆ. ಚನ್ನಪಟ್ಟಣದ ಗೊಂಬೆಗೆ ಚನ್ನಪಟ್ಟಣವೇ ಸಾಕ್ಷಿ. ಊರಿನ ಮೇಲಿನ ಹೊಣೆ ಇದರಿಂದ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಗುಣವೊಂದೇ ಸಾಲದು

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ವಾದವನ್ನೂ ನ್ಯಾಯವಾಗಿ ಪರಿಶೀಲಿಸಬೇಕು. ಮಂಗಳೂರು ಹೆಂಚು ಗುಣದಲ್ಲಿ ಕೆಡಲಿಲ್ಲ. ಆದರೂ ಜನ ಕಾಂಕ್ರೀಟಿನ ತಾರಸಿಗೆ ತಿರುಗಿದಾಗ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಬ್ಯಾಡಗಿ ಮೆಣಸಿನಕಾಯಿಗೆ ಕಡುಗೆಂಪು ಬಣ್ಣ, ಕಡಿಮೆ ಖಾರ, ಸುಕ್ಕುಗಟ್ಟಿದ ಸಿಪ್ಪೆ ಇವು ಹುಟ್ಟುಗುಣ. ಅದರಿಂದ ತೆಗೆದ ಬಣ್ಣದ ಸಾರಕ್ಕೆ ಹೊರದೇಶಗಳಲ್ಲಿಯೂ ಬೇಡಿಕೆಯಿದೆ. ಹಾಗಿದ್ದರೂ 2024ರ ಮಾರ್ಚ್ 11ರಂದು ಬೆಲೆ ಕುಸಿದುದನ್ನು ಕಂಡು ಸಿಟ್ಟಿಗೆದ್ದ ರೈತರಿಂದ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಗಲಭೆಯಾಗಿ ವಾಹನಗಳು ಸುಟ್ಟುಹೋದವು. ಮಾಲು ಬೇಕಾದುದಕ್ಕಿಂತ ಹೆಚ್ಚಾಗಿ ಬಂದು ಬಿದ್ದರೆ ಗುಣವೊಂದೇ ಬೆಲೆಯನ್ನು ಹಿಡಿದು ನಿಲ್ಲಿಸಲಾರದು. ಅಲ್ಲದೆ ಗುಣದ ಬೆಲೆ ಯಾರ ಕೈಸೇರುತ್ತದೆ ಎಂಬ ಪ್ರಶ್ನೆಯೂ ಇದೆ. ನಗರದ ಅಂಗಡಿಯಲ್ಲಿ ಹೆಚ್ಚಿನ ಬೆಲೆಗೆ ಮಾರಿದ ಗೊಂಬೆಗೆ ಕಡೆದವನಿಗೆ ಸಿಕ್ಕುವುದು ಡಜನ್ ಲೆಕ್ಕದ ಕೂಲಿಯಾದರೆ, ಮರವನ್ನು ಇನ್ನೊಂದು ತಿಂಗಳು ಒಣಗಿಸುವ ತಾಳ್ಮೆ ಅವನಿಗೆ ಏಕೆ ಬರಬೇಕು? ಒಳ್ಳೆಯ ಕೆಲಸಕ್ಕೂ ಕೆಟ್ಟ ಕೆಲಸಕ್ಕೂ ಒಂದೇ ಕೂಲಿ ಕೊಟ್ಟು, ಆಮೇಲೆ ಕುಶಲಕರ್ಮಿಗೆ ಶ್ರದ್ಧೆಯಿಲ್ಲವೆಂದು ದೂರುವುದು ಅನ್ಯಾಯ.

ಆದುದರಿಂದ ಗುಣವಿದ್ದರೆ ಯಶಸ್ಸು ಖಂಡಿತ ಎಂದು ನಾನು ಹೇಳಲಾರೆ. ಗುಣವಿಲ್ಲದೆ ಸಣ್ಣ ಪಟ್ಟಣದ ಉದ್ಯಮ ಬಹುಕಾಲ ಬಾಳಲಾರದು ಎಂದಷ್ಟೇ ಹೇಳುತ್ತೇನೆ. ದೊಡ್ಡ ಕಾರ್ಖಾನೆಯವನು ಅಗ್ಗದ ಬೆಲೆಯಿಂದ, ಜಾಹೀರಾತಿನಿಂದ, ಎಲ್ಲ ಊರುಗಳಲ್ಲಿಯೂ ದೊರೆಯುವ ಅನುಕೂಲದಿಂದ ತನ್ನ ಸರಕಿನ ಕೊರತೆಯನ್ನು ಕೆಲಕಾಲ ಮುಚ್ಚಿಕೊಳ್ಳಬಲ್ಲನು. ಸಣ್ಣವನಿಗೆ ಈ ಮೂರೂ ಇಲ್ಲ. ಬೆಲೆಯಲ್ಲಿ ಯಂತ್ರದೊಡನೆ ಸೆಣಸಲು ಹೊರಟರೆ ಅವನು ಸೋಲುವುದು ಖಂಡಿತ.

ನಾವು ಮಾಡಬಹುದಾದುದು

ಮನೆ ಗೆದ್ದು ಮಾರು ಗೆಲ್ಲು ಎಂದು ಹಿರಿಯರು ಹೇಳಿದ್ದಾರೆ. ಊರಿನವರೇ ಕೂಡಿ ಮಾಡಬಹುದಾದ ಕೆಲವು ಕೆಲಸಗಳು ನನಗೆ ತೋರುತ್ತವೆ. ಇವಕ್ಕೆ ದೊಡ್ಡ ಬಂಡವಾಳ ಬೇಕಾಗಿಲ್ಲ. ಪ್ರತಿಯೊಬ್ಬ ಕೆಲಸಗಾರನಿಗೂ ಸಂಘದಿಂದ ಒಂದು ಸಂಖ್ಯೆ ಕೊಟ್ಟು, ಗೊಂಬೆಯ ತಳದಲ್ಲಿ ಅದನ್ನು ಒತ್ತಿಸುವುದು ಮೊದಲನೆಯದು; ಹೆಂಚಿನ ಕಾರ್ಖಾನೆಯವರು ಮಾಡಿದುದು ಇದನ್ನೇ. ಮರವನ್ನು ಒಣಗಿಸಲು ಊರಿಗೆಲ್ಲ ಒಂದು ಕೊಟ್ಟಿಗೆ ಇಟ್ಟು, ಒಣಗಿದ ಮರವನ್ನಷ್ಟೇ ಹಂಚುವುದು ಎರಡನೆಯದು. ಒಡೆದ, ಬಣ್ಣ ಬಿಟ್ಟ ಗೊಂಬೆಯನ್ನು ಯಾರ ಅಂಗಡಿಯದಾದರೂ ಮರುಮಾತಿಲ್ಲದೆ ಹಿಂದಕ್ಕೆ ತೆಗೆದುಕೊಂಡು, ಅದರ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡುವುದು ಮೂರನೆಯದು. ಯಾವ ಸಂಖ್ಯೆಯವನ ಗೊಂಬೆ ಹೆಚ್ಚಾಗಿ ಹಿಂದಿರುಗುತ್ತದೆ ಎಂಬುದು ಆ ಪುಸ್ತಕದಿಂದ ತಾನೇ ಹೊರಬರುತ್ತದೆ. ಚೆನ್ನಾಗಿ ಮಾಡಿದವನಿಗೆ ಕೂಲಿಯಲ್ಲಿ ನಾಲ್ಕು ಕಾಸು ಹೆಚ್ಚು ಕೊಡುವುದು ನಾಲ್ಕನೆಯದು. ಇದಿಲ್ಲದೆ ಮೊದಲಿನ ಮೂರೂ ನಿಲ್ಲುವುದಿಲ್ಲ.

ನಮ್ಮ ಕಾಲೇಜಿಗೆ ಬರುವವರಲ್ಲಿ ಹೆಚ್ಚಿನವರು ಸಣ್ಣ ಪಟ್ಟಣಗಳಿಂದಲೂ ಹಳ್ಳಿಗಳಿಂದಲೂ ಬಂದವರು. ನಮ್ಮಲ್ಲಿ ಕೆಲವರ ಮನೆಯಲ್ಲಿ ಮಗ್ಗವಿದೆ, ಕೆಲವರ ಮನೆಯಲ್ಲಿ ಗಾಣ, ಕೆಲವರ ಮನೆಯಲ್ಲಿ ತಿಂಡಿಯ ಒಲೆಯಿದೆ. ಪದವಿ ದೊರೆತ ಮೇಲೆ ಇವುಗಳಿಂದ ದೂರ ಹೋಗುವುದೇ ಪ್ರಗತಿಯೆಂದು ನಾವು ತಿಳಿದಿದ್ದೇವೆ. ಹೋಗಬೇಕಾದವರು ಹೋಗಲಿ. ಆದರೆ ಮೇಲೆ ಹೇಳಿದ ಲೆಕ್ಕದ ಪುಸ್ತಕವನ್ನು ಬರೆಯಲು, ನೋಂದಣಿಯ ಅರ್ಜಿಯನ್ನು ತುಂಬಲು, ಕಾಯ್ದೆಯ ಮಾತನ್ನು ಕೆಲಸಗಾರನಿಗೆ ತಿಳಿಯುವ ಕನ್ನಡದಲ್ಲಿ ಹೇಳಲು ಓದಿದವರೊಬ್ಬರು ಊರಿನಲ್ಲಿ ಬೇಕು. ಬರುವ ಬೇಸಿಗೆಯ ರಜೆಯಲ್ಲಿ ನನ್ನ ಸಹಪಾಠಿಗಳು ತಮ್ಮ ತಮ್ಮ ಊರಿನ ಒಂದೊಂದು ಕಸುಬನ್ನು ತೆಗೆದುಕೊಂಡು, ಅದರಲ್ಲಿ ಎಷ್ಟು ಮಾಲು ಹಿಂದಿರುಗುತ್ತದೆ, ಏಕೆ ಹಿಂದಿರುಗುತ್ತದೆ ಎಂದು ವಿಚಾರಿಸಿ ಬರೆದುತಂದರೆ, ಅಧ್ಯಾಪಕರ ಮಾರ್ಗದರ್ಶನದಲ್ಲಿ ಅವನ್ನೆಲ್ಲ ಒಟ್ಟುಗೂಡಿಸಿ ಮುಂದಿನ ವರ್ಷದ ಸಂಚಿಕೆಗೆ ಕೊಡಬಹುದು. ಆ ಕೆಲಸಕ್ಕೆ ನನ್ನ ಹೆಸರನ್ನು ಮೊದಲೇ ಬರೆಸಿದ್ದೇನೆ.